ಹತ್ತರಲ್ಲಿ ಆರು ಗೊತ್ತಿದ್ದರೆ ಅರ್ಜಿ ಹಾಕಬಹುದಾ?

ಕಳೆದ ತಿಂಗಳು ಒಂದು ಭಾನುವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು. ಕಂಪ್ಯೂಟರ್ ಸೈನ್ಸ್ ಓದಿದವಳು. ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಒಂದೂವರೆ ವರ್ಷದಿಂದ ಇದ್ದಾಳೆ. ಈಗ ಊರಿಗೇ ಬರಬೇಕು ಅಂತ ಮಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾಳೆ. ಊಟ ಆದ ಮೇಲೆ ಫೋನ್ ತೆಗೆದು ಒಂದು ಜಾಹೀರಾತು ತೋರಿಸಿದಳು. ಕೊಟ್ಟಾರ ಕಡೆಯ ಒಂದು ಕಂಪನಿ. ಬೇಕಾದ ಅರ್ಹತೆ ಅಂತ ಹತ್ತು ಸಾಲು ಬರೆದಿದ್ದರು.

"ಆರು ನನಗೆ ಗೊತ್ತುಂಟು ಮಾವ. ಬಾಕಿ ನಾಲ್ಕು ಇಲ್ಲ. ಅದ್ರಲ್ಲೂ ಮೂರು ವರ್ಷದ ಅನುಭವ ಕೇಳಿದ್ದಾರೆ."

"ಅರ್ಜಿ ಹಾಕಿದ್ಯಾ?"

"ಎಂತಕ್ಕೆ ಸುಮ್ನೆ ಹಾಕುದು? ಅವರು ಬೇಕು ಅಂತ ಬರೆದದ್ದೇ ನನ್ನಲ್ಲಿ ಇಲ್ವಲ್ಲ."

ಈ ಮಾತು ನನಗೆ ಹೊಸತಲ್ಲ. ಹದಿನೆಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅದರಲ್ಲಿ ಹತ್ತು ವರ್ಷ ಇಂಟರ್‌ವ್ಯೂ ಮಾಡುವವರ ಕಡೆ ಕೂತಿದ್ದೇನೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ಮಾತಾಡಲು ಹೋದಾಗಲೆಲ್ಲ ಕೊನೆಗೆ ಒಬ್ಬರಾದರೂ ಬಂದು ಇದನ್ನೇ ಕೇಳುತ್ತಾರೆ. ಪಟ್ಟಿಯಲ್ಲಿ ಇರುವುದೆಲ್ಲ ನಮ್ಮಲ್ಲಿ ಇಲ್ಲ, ಆದರೂ ಹಾಕಬಹುದಾ ಸರ್? ಹೆಚ್ಚಿನ ಸಲ ಹಾಕಬಹುದು ಅನ್ನುವುದೇ ನನ್ನ ಉತ್ತರ. ಆದರೆ ಯಾವಾಗ ಹಾಕಬಾರದು ಅನ್ನುವುದೂ ಅಷ್ಟೇ ಮುಖ್ಯ. ಆ ಗೆರೆ ಎಲ್ಲಿದೆ ಅಂತ ಯಾರೂ ಮಕ್ಕಳಿಗೆ ಸರಿಯಾಗಿ ಹೇಳುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಎರಡು ಜಿಲ್ಲೆಗಳಿಗೆ ಪರೀಕ್ಷೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಶೇ 97.37 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲು ಬಂತು. ಉಡುಪಿ ಶೇ 96.80 ಪಡೆದು ಎರಡನೆಯದಾಯಿತು. 2025ರಲ್ಲಿ ಜಾಗ ಅದಲುಬದಲಾಯಿತು ಅಷ್ಟೇ. ಉಡುಪಿ ಶೇ 93.90, ದಕ್ಷಿಣ ಕನ್ನಡ ಶೇ 93.57. ಇದು ನಮ್ಮ ಹೆಮ್ಮೆ, ಹೆಮ್ಮೆ ಪಡಬೇಕಾದದ್ದೇ. ಆದರೆ ಇದರ ಜೊತೆಗೆ ಒಂದು ಅಭ್ಯಾಸವೂ ಬೆಳೆಯುತ್ತದೆ. ಸಿಇಟಿಗೆ ಇಷ್ಟು ಅಂಕ, ನೀಟ್‌ಗೆ ಇಷ್ಟು ಕಟ್‌ಆಫ್, ಕ್ಯಾಂಪಸ್ ಡ್ರೈವ್‌ಗೆ ಹತ್ತನೇ ತರಗತಿಯಿಂದ ಬಿಇವರೆಗೆ ಎಲ್ಲ ಕಡೆ ಶೇ 60, ಬ್ಯಾಕ್‌ಲಾಗ್ ಇರಬಾರದು. ಇಪ್ಪತ್ತೆರಡು ವರ್ಷ ಆಗುವವರೆಗೆ ನಮ್ಮ ಮಕ್ಕಳು ನೋಡಿದ ಪ್ರತಿ ಬಾಗಿಲಿಗೂ ಹೀಗೇ ಒಂದು ಅಳತೆ ಇತ್ತು. ಶೇ 59.8 ಇದ್ದವನಿಗೆ ಕೂರಲು ಬಿಡಲಿಲ್ಲ. ಅದನ್ನು ಅವರು ಕಣ್ಣಾರೆ ನೋಡಿದ್ದಾರೆ.

ಆಮೇಲೆ ಕೆಲಸದ ಜಾಹೀರಾತು ಕೈಗೆ ಬರುತ್ತದೆ. ಅದರಲ್ಲೂ ಒಂದು ಪಟ್ಟಿ ಇರುತ್ತದೆ. ಅದನ್ನೂ ಹಾಲ್ ಟಿಕೆಟ್ ಹಿಂದಿನ ಸೂಚನೆಗಳ ಥರ ಓದುತ್ತಾರೆ. ಎಡವುವುದು ಇಲ್ಲೇ.

ಆ ಪಟ್ಟಿ ಹುಟ್ಟುವುದು ಹೇಗೆ

ಖಾಸಗಿ ಕಂಪನಿಯಲ್ಲಿ ಆ ಪಟ್ಟಿಯನ್ನು ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಅಂತ ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ. ನಾನೇ ಎಷ್ಟೋ ಸಲ ಬರೆದಿದ್ದೇನೆ.

ತಂಡದಲ್ಲಿ ಒಬ್ಬರು ಕೆಲಸ ಬಿಡುತ್ತಾರೆ. ಎರಡು ತಿಂಗಳೊಳಗೆ ಆ ಜಾಗ ತುಂಬಬೇಕು. ಎಚ್‌ಆರ್‌ನವರು ಜೆಡಿ, ಅಂದರೆ ಕೆಲಸದ ವಿವರ (ಜಾಬ್ ಡಿಸ್ಕ್ರಿಪ್ಷನ್) ಕಳಿಸಿ ಅಂತ ಮೇಲ್ ಮಾಡುತ್ತಾರೆ. ಮ್ಯಾನೇಜರ್‌ಗೆ ಪುರುಸೊತ್ತಿಲ್ಲ. ಎರಡು ವರ್ಷ ಹಿಂದಿನ ಜೆಡಿ ತೆಗೆದು ಅದಕ್ಕೆ ಇನ್ನೆರಡು ಸಾಲು ಸೇರಿಸುತ್ತಾರೆ. ಬಿಟ್ಟು ಹೋದವನಿಗೆ ಏನೇನು ಬರುತ್ತಿತ್ತೋ ಅದನ್ನೆಲ್ಲ ನೆನಪಿಸಿಕೊಂಡು ಬರೆಯುತ್ತಾರೆ. ಅವನು ಅದನ್ನೆಲ್ಲ ಕಲಿತದ್ದು ಅದೇ ಕೆಲಸದಲ್ಲಿ ಐದು ವರ್ಷ ಇದ್ದು ಅನ್ನುವುದು ಆ ಹೊತ್ತಿಗೆ ಮರೆತು ಹೋಗಿರುತ್ತದೆ. ಪಕ್ಕದಲ್ಲಿ ಕೂತ ಸೀನಿಯರ್ "ಡಾಕರ್ ಗೊತ್ತಿದ್ರೆ ಒಳ್ಳೇದಿತ್ತು" ಅನ್ನುತ್ತಾನೆ. ಸಾಫ್ಟ್‌ವೇರ್ ಅನ್ನು ಅದಕ್ಕೆ ಬೇಕಾದದ್ದರ ಜೊತೆ ಕಟ್ಟಿ ಎಲ್ಲಿ ಬೇಕಾದರೂ ಓಡಿಸುವ ಆ ಸಾಧನವೂ ಒಂದು ಸಾಲಾಗುತ್ತದೆ. ಮುಂದಿನ ವರ್ಷ ಬರಬಹುದಾದ ಪ್ರಾಜೆಕ್ಟ್‌ಗೆ ಬೇಕಾದೀತು ಅಂತ ಇನ್ನೊಂದು ಸಾಲು. ಎಚ್‌ಆರ್‌ನವರು ಅದಕ್ಕೆ ಕಂಪನಿಯ ಮಾಮೂಲಿ ಸಾಲುಗಳನ್ನು ಸೇರಿಸುತ್ತಾರೆ. ಒಳ್ಳೆಯ ಸಂವಹನ, ತಂಡದ ಜೊತೆ ಹೊಂದಾಣಿಕೆ, ಇತ್ಯಾದಿ. ಕೆಲಸ ಹುಡುಕುವ ಜಾಲತಾಣ ನೌಕ್ರಿಯಲ್ಲಿ ಹಾಕುವಾಗ ಕನಿಷ್ಠ ಎಷ್ಟು ವರ್ಷ, ಗರಿಷ್ಠ ಎಷ್ಟು ವರ್ಷ ಅಂತ ತುಂಬಬೇಕು. ಸಂಬಳದ ಲೆಕ್ಕ ನೋಡಿ ಮೂರರಿಂದ ಐದು ಅಂತ ತುಂಬುತ್ತಾರೆ.

ಅಂದರೆ ಮೂರು ಜನರ ಆಸೆ, ಒಂದು ಹಳೆಯ ಕಡತ, ಒಂದು ಸಂಬಳದ ಅಂದಾಜು ಸೇರಿ ಆ ಪಟ್ಟಿ ಆಗಿದೆ. ಅದರಲ್ಲಿ ನಿಜವಾಗಿ ಬೇಕೇ ಬೇಕಾದದ್ದು ಮೂರೋ ನಾಲ್ಕೋ ಸಾಲು. ಯಾವ ನಾಲ್ಕು ಅಂತ ಮಾತ್ರ ಪಟ್ಟಿಯಲ್ಲಿ ಬರೆದಿರುವುದಿಲ್ಲ.

ಎಷ್ಟೋ ಸಲ ಆ ಪಟ್ಟಿ ಲೆಕ್ಕಕ್ಕೇ ಸಿಗುವುದಿಲ್ಲ. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್‌ನಲ್ಲಿ ಫಾಸ್ಟ್‌ಎಪಿಐ ಅಂತ ಒಂದು ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು ಇದೆ. ಅದರ ಮೊದಲ ಆವೃತ್ತಿ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಮಾಡಿದವರು ಸೆಬಾಸ್ಟಿಯನ್ ರಮಿರೆಜ್. 2020ರ ಜುಲೈಯಲ್ಲಿ ಅವರು ಒಂದು ಜಾಹೀರಾತು ನೋಡಿದರು. ಅದರಲ್ಲಿ ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕಿಂತ ಜಾಸ್ತಿ ಅನುಭವ ಕೇಳಿದ್ದರು. ನಾನೇ ಹಾಕುವ ಹಾಗಿಲ್ಲ, ಅದನ್ನು ಮಾಡಿದ್ದೇ ಒಂದೂವರೆ ವರ್ಷದ ಹಿಂದೆ, ಅಂತ ಅವರು ಟ್ವಿಟರ್‌ನಲ್ಲಿ ಬರೆದರು. ಆ ಜಾಹೀರಾತು ಬರೆದವರಲ್ಲಿ ಕೆಟ್ಟ ಉದ್ದೇಶ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ವರ್ಷದ ಕಾಲಂ ತುಂಬಬೇಕಿತ್ತು, ತುಂಬಿದ್ದಾರೆ. ಆದರೆ ಅದನ್ನು ನಂಬಿ ಎಷ್ಟು ಮಂದಿ ಹಿಂದೆ ಸರಿದಿರಬಹುದು, ಯೋಚಿಸಿ.

ನಮ್ಮ ಊರಿನ ಉದ್ಯಮವೇ ಬೇರೆ ಥರ ಬೆಳೆದದ್ದು ಅನ್ನುವುದನ್ನೂ ಇಲ್ಲಿ ಹೇಳಬೇಕು. ಉಡುಪಿಯ ರೋಬೋಸಾಫ್ಟ್ ಶುರುವಾದದ್ದು 1996ರಲ್ಲಿ. ಮೊದಲ ವರ್ಷಗಳಲ್ಲಿ ಮ್ಯಾಕ್ ಕಂಪ್ಯೂಟರ್‌ಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಮ್ಯಾಕ್ ಕಣ್ಣಿಗೆ ಬೀಳುವುದೇ ಅಪರೂಪ. 2008ರ ಜುಲೈಯಲ್ಲಿ ಐಫೋನ್‌ನ ಆಪ್ ಸ್ಟೋರ್ ತೆರೆಯಿತು. ಆ ದಿನ ಅದರಲ್ಲಿ ಆಪ್ ಮಾಡಿ ಮಾರಿದ ಅನುಭವ ಇದ್ದ ಡೆವಲಪರ್ ಸಿಗಬೇಕಾದರೆ ಇಡೀ ಪ್ರಪಂಚ ಸುತ್ತಿದರೂ ಸಿಗುತ್ತಿರಲಿಲ್ಲ. ಈ ಕೆಲಸಕ್ಕೆ ಇಳಿದ ಕಂಪನಿಗಳು, ಅದರಲ್ಲಿ ರೋಬೋಸಾಫ್ಟ್ ಕೂಡ, ಕಲಿಯಬಲ್ಲವರನ್ನು ಇಟ್ಟುಕೊಂಡೇ ಮುಂದೆ ಹೋಗಬೇಕಿತ್ತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದೇ ರೋಬೋಸಾಫ್ಟ್ ಅನ್ನು 805 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಹೇಳಿತು. ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಪೂರ್ತಿ ಅರ್ಹತೆ ಇರುವವರು ಯಾರೂ ಇರುವುದಿಲ್ಲ. ಈಗ ಎಐ ಕೆಲಸಗಳಲ್ಲೂ ಅದೇ ಆಗುತ್ತಿದೆ.

ಮೀರಲು ಬಾರದ ಸಾಲುಗಳು

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಕಡೆ ನುಗ್ಗಿ ಅಂತ ಅಲ್ಲ. ಕೆಲವು ಸಾಲು ನಿಜಕ್ಕೂ ಬೀಗ ಹಾಕಿದ ಬಾಗಿಲು.

ಮೊದಲನೆಯದು ಸರಕಾರಿ ಮತ್ತು ಸಾರ್ವಜನಿಕ ವಲಯದ ಕೆಲಸಗಳು. ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಇಂಜಿನಿಯರ್ ಹುದ್ದೆಗೆ ಗೇಟ್ ಪರೀಕ್ಷೆಯ ಅಂಕ ಕೇಳಿದ್ದರೆ ಗೇಟ್ ಅಂಕ ಇರಲೇಬೇಕು. ಕೆಪಿಎಸ್‌ಸಿ ಅಧಿಸೂಚನೆಯಲ್ಲಿ ವಯಸ್ಸು, ಪದವಿ ಏನಿದೆಯೋ ಅದು ಹಾಗೆಯೇ. ಅರ್ಜಿಯ ಕೊನೆಯ ದಿನಕ್ಕೆ ಆ ವಿದ್ಯಾರ್ಹತೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ದಾಖಲೆ ಪರಿಶೀಲನೆಯ ದಿನ ಹೆಸರು ಹೋಗುತ್ತದೆ. ಮೆಸ್ಕಾಂನ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಕಂಬ ಹತ್ತುವ ಪರೀಕ್ಷೆ ಇದೆ. ಹತ್ತಲು ಬಾರದಿದ್ದರೆ ಎಸ್ಸೆಸ್ಸೆಲ್ಸಿ ಅಂಕ ಎಷ್ಟಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಈ ನೇಮಕಾತಿಗಳಲ್ಲಿ ನಿಯಮ ಸಡಿಲ ಮಾಡಿದರೆ ಇನ್ನೊಬ್ಬರಿಗೆ ಅನ್ಯಾಯ ಆಗುತ್ತದೆ, ಕೋರ್ಟಿಗೂ ಹೋಗುತ್ತದೆ. ಹಾಗಾಗಿ ಅಲ್ಲಿ ಆ ಕಟ್ಟುನಿಟ್ಟು ಸರಿಯೇ. ಒಂದು ಮಾತು ಮಾತ್ರ ನೆನಪಿಡಿ. ಇಂಥ ಅಧಿಸೂಚನೆಗಳಲ್ಲಿ ಎಷ್ಟೋ ಸಲ ಕಡ್ಡಾಯ ಅರ್ಹತೆ ಬೇರೆ, ಅಪೇಕ್ಷಣೀಯ ಅರ್ಹತೆ ಬೇರೆ ಅಂತ ಎರಡು ಭಾಗ ಇರುತ್ತದೆ. ಅಪೇಕ್ಷಣೀಯ ಅಂದರೆ ಇದ್ದರೆ ಒಳ್ಳೆಯದು ಅಂತ ಅರ್ಥ. ಅದು ನೋಡಿ ಹಿಂದೆ ಸರಿದವರನ್ನೂ ನಾನು ಕಂಡಿದ್ದೇನೆ.

ಎರಡನೆಯದು ಜೀವಕ್ಕೆ ಸಂಬಂಧಿಸಿದ ಲೈಸೆನ್ಸ್‌ಗಳು. ನಮ್ಮ ಕರಾವಳಿಯಿಂದ ಹಡಗಿನ ಕೆಲಸಕ್ಕೆ ಹೋಗುವವರು ಬಹಳ. ಮೆರೈನ್ ಇಂಜಿನಿಯರ್ ಆಗಿ ಡ್ಯೂಟಿ ನಿಲ್ಲಬೇಕಾದರೆ ಕೇಂದ್ರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್ ಕೊಡುವ ಸಿಒಸಿ, ಅಂದರೆ ಸಾಮರ್ಥ್ಯದ ಪ್ರಮಾಣಪತ್ರ ಬೇಕೇ ಬೇಕು. ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳಲು ಅದರ ಸರ್ಟಿಫಿಕೇಟ್ ಬೇಕು. ವಯರಿಂಗ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಬೇಕು. ಗಲ್ಫ್‌ಗೆ ಹೋಗುವ ಪೈಪ್ ವೆಲ್ಡರ್‌ಗೆ ಸಿಕ್ಸ್ ಜಿ ಅನ್ನುವ ವೆಲ್ಡಿಂಗ್ ಅರ್ಹತೆ ಕೇಳಿದರೆ ಟ್ರೇಡ್ ಟೆಸ್ಟ್‌ನಲ್ಲಿ ಪೈಪನ್ನು ಓರೆಯಾಗಿ ನಿಲ್ಲಿಸಿ ಬೆಸೆಯಲು ಹೇಳುತ್ತಾರೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿ ಆರು ಗೊತ್ತು, ನಾಲ್ಕು ಕಲಿಯುತ್ತೇನೆ ಅನ್ನುವ ಮಾತು ನಡೆಯುವುದಿಲ್ಲ, ನಡೆಯಲೂಬಾರದು.

ಉಳಿದದ್ದು, ಅಂದರೆ ಖಾಸಗಿ ವಲಯದ ಸಾಫ್ಟ್‌ವೇರ್, ಡಿಸೈನ್, ಟೆಸ್ಟಿಂಗ್, ನೆಟ್‌ವರ್ಕ್, ಪ್ಲಾಂಟ್ ಮೇಂಟೆನೆನ್ಸ್, ಇವುಗಳಲ್ಲಿ ಪಟ್ಟಿಯನ್ನು ಓದುವ ಬಗೆಯೇ ಬೇರೆ. ಒಂದು ಉದಾಹರಣೆ. ಮೇಂಟೆನೆನ್ಸ್ ಇಂಜಿನಿಯರ್ ಬೇಕು, ಸೀಮೆನ್ಸ್ ಕಂಪನಿಯ ಪಿಎಲ್‌ಸಿ, ಅಂದರೆ ಕಾರ್ಖಾನೆಯ ಯಂತ್ರ ನಡೆಸುವ ಸಣ್ಣ ಕಂಪ್ಯೂಟರ್ ಗೊತ್ತಿರಬೇಕು ಅಂತ ಇದೆ. ನಿಮಗೆ ಗೊತ್ತಿರುವುದು ಇನ್ನೊಂದು ಬ್ರ್ಯಾಂಡ್‌ನದ್ದು, ಅಲೆನ್-ಬ್ರ್ಯಾಡ್ಲಿ. ಎರಡರಲ್ಲೂ ಪ್ರೋಗ್ರಾಂ ಬರೆಯುವ ಕ್ರಮ, ಲ್ಯಾಡರ್ ಲಾಜಿಕ್, ಅದೇ. ಪಿಎಲ್‌ಸಿ ಭಾಷೆಗಳಿಗೆ ಐಇಸಿ 61131-3 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಸಾಫ್ಟ್‌ವೇರ್ ಬದಲಾಗುತ್ತದೆ, ಮೆನುಗಳು ಬದಲಾಗುತ್ತವೆ. ಸೆನ್ಸರ್ ಕೆಟ್ಟಿದೆಯೋ ಪ್ರೋಗ್ರಾಂ ಕೆಟ್ಟಿದೆಯೋ ಅಂತ ಹುಡುಕುವ ತಲೆ ಬದಲಾಗುವುದಿಲ್ಲ. ಡೇಟಾಬೇಸ್‌ಗಳಲ್ಲಿ ಮೈಎಸ್‌ಕ್ಯುಎಲ್ ಗೊತ್ತಿದ್ದು ಪೋಸ್ಟ್‌ಗ್ರೆಸ್ ಗೊತ್ತಿಲ್ಲದವರ ಕತೆಯೂ ಇದೇ. ಒಬ್ಬ ಒಳ್ಳೆಯ ಇಂಜಿನಿಯರ್ ಇದನ್ನು ಕೆಲವು ವಾರಗಳಲ್ಲಿ ದಾಟುತ್ತಾನೆ.

ವರ್ಷದ ಲೆಕ್ಕ ಸ್ವಲ್ಪ ಸೂಕ್ಷ್ಮ. ಮೂರು ವರ್ಷ ಕೇಳಿದ ಕಡೆ ಒಂದೂವರೆ, ಎರಡು ವರ್ಷ ಇದ್ದವರು ಹಾಕಬಹುದು. ಅಲ್ಲಿ ವರ್ಷ ಅಂದರೆ, ಪ್ರತಿ ಸಣ್ಣ ವಿಷಯಕ್ಕೂ ಕೈ ಹಿಡಿದು ನಡೆಸಬೇಕಾಗಿಲ್ಲದವರು ಬೇಕು ಅಂತ ಅರ್ಥ. ಎಂಟು ವರ್ಷ ಕೇಳಿದ ಕಡೆ ಒಂದೂವರೆ ವರ್ಷದವರು ಹಾಕುವುದರಲ್ಲಿ ಅರ್ಥವಿಲ್ಲ. ಅಲ್ಲಿ ಅವರಿಗೆ ಬೇಕಾದದ್ದು ಕಷ್ಟದ ಪ್ರಾಜೆಕ್ಟ್‌ಗಳನ್ನು ನೋಡಿ, ತಪ್ಪು ಮಾಡಿ, ಸರಿಮಾಡಿಕೊಂಡ ಮನುಷ್ಯ. ಅದು ಓದಿ ಬರುವಂಥದ್ದಲ್ಲ.

ಹುಡುಗಿಯರು ಜಾಸ್ತಿ ಹಿಂಜರಿಯುತ್ತಾರಾ?

ಈ ವಿಷಯ ಬಂದ ಕೂಡಲೇ ಒಂದು ಅಂಕಿ ಎಲ್ಲರ ಬಾಯಲ್ಲೂ ಬರುತ್ತದೆ. ಗಂಡಸರು ಶೇ 60 ಅರ್ಹತೆ ಇದ್ದರೆ ಅರ್ಜಿ ಹಾಕುತ್ತಾರೆ, ಹೆಂಗಸರು ಶೇ 100 ಇದ್ದರೆ ಮಾತ್ರ. ಎಚ್‌ಪಿ ಕಂಪನಿಯ ಒಳಗಿನ ವರದಿ ಅಂತ ಇದನ್ನು ಹೇಳುತ್ತಾ ಬಂದಿದ್ದಾರೆ. ಆದರೆ ನಾನು ಇದನ್ನು ಅಷ್ಟಾಗಿ ನೆಚ್ಚುವುದಿಲ್ಲ. ಎಲ್ಲರೂ ಪರಿಶೀಲಿಸಬಹುದಾದ ಅಧ್ಯಯನ ಇದಲ್ಲ.

ಇದಕ್ಕಿಂತ ಉಪಯೋಗದ ಮಾಹಿತಿ ಇನ್ನೊಂದು ಕಡೆ ಇದೆ. ತಾರಾ ಮೋರ್ ಅನ್ನುವವರು ಅದೇ ಅಂಕಿಯನ್ನು ಕೇಳಿ, ಕಾರಣ ಏನಿರಬಹುದು ಅಂತ ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದರು. ಹೆಚ್ಚಿನವರು ಅಮೆರಿಕದವರು. 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಉತ್ತರ ಬಂತು. ಅರ್ಹತೆ ಪೂರ್ತಿ ಇಲ್ಲದಾಗ ಅರ್ಜಿ ಯಾಕೆ ಹಾಕಲಿಲ್ಲ ಅಂತ ಕೇಳಿದರೆ, ನನ್ನಿಂದ ಆ ಕೆಲಸ ಚೆನ್ನಾಗಿ ಆಗಲಿಕ್ಕಿಲ್ಲ ಅಂದವರು ಹೆಂಗಸರಲ್ಲಿ ಶೇ 10, ಗಂಡಸರಲ್ಲಿ ಶೇ 12. ಅರ್ಹತೆ ಪೂರ್ತಿ ಇಲ್ಲವಲ್ಲ, ಅವರು ತಗೊಳ್ಳುವುದಿಲ್ಲ, ಸುಮ್ನೆ ಸಮಯ ಹಾಳು ಅಂದವರು ಹೆಂಗಸರಲ್ಲಿ ಶೇ 41, ಗಂಡಸರಲ್ಲಿ ಶೇ 46. ಯಾರು ಅರ್ಜಿ ಹಾಕಬೇಕು ಅಂತ ಬರೆದಿದ್ದಾರೋ ಅದನ್ನು ಪಾಲಿಸಿದೆ ಅಂದವರು ಹೆಂಗಸರಲ್ಲಿ ಶೇ 15, ಗಂಡಸರಲ್ಲಿ ಶೇ 8.

ಈ ಅಂಕಿಗಳನ್ನು ನಿಧಾನವಾಗಿ ಓದಿ. ಕೆಲಸ ಮಾಡಬಲ್ಲೆ ಅನ್ನುವ ಧೈರ್ಯ ಹೆಚ್ಚಿನವರಲ್ಲಿ ಇದೆ. ಆಯ್ಕೆ ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ ತಪ್ಪು ತಿಳುವಳಿಕೆ ಇದೆ. ಇದು ನನ್ನ ಅಕ್ಕನ ಮಗಳು ಹೇಳಿದ ಮಾತೇ ಅಲ್ವಾ? ಅವಳು ನನಗೆ ಬರುವುದಿಲ್ಲ ಅಂತ ಹೇಳಲಿಲ್ಲ. ಎಂತಕ್ಕೆ ಸುಮ್ನೆ ಹಾಕುದು ಅಂದಳು. ಅವಳಿಗೆ ಆತ್ಮವಿಶ್ವಾಸದ ಭಾಷಣ ಬೇಕಾಗಿಲ್ಲ. ಪಟ್ಟಿ ಹೇಗೆ ತಯಾರಾಗುತ್ತದೆ ಅಂತ ತಿಳಿದರೆ ಸಾಕು.

2019ರಲ್ಲಿ ಲಿಂಕ್ಡ್‌ಇನ್ ತನ್ನದೇ ಮಾಹಿತಿ ನೋಡಿ ಇನ್ನೊಂದು ವಿಷಯ ಹೇಳಿತು. ಹೆಂಗಸರು ಗಂಡಸರಿಗಿಂತ ಶೇ 20ರಷ್ಟು ಕಡಿಮೆ ಕೆಲಸಗಳಿಗೆ ಅರ್ಜಿ ಹಾಕುತ್ತಾರೆ. ಆದರೆ ಹಾಕಿದ ಮೇಲೆ ಕೆಲಸ ಸಿಗುವ ಸಾಧ್ಯತೆ ಅವರಿಗೇ ಶೇ 16ರಷ್ಟು ಜಾಸ್ತಿ. ಹಾಕಬಹುದಾಗಿದ್ದ ಎಷ್ಟೋ ಅರ್ಜಿಗಳನ್ನು ಅವರು ಹಾಕದೇ ಬಿಡುತ್ತಿದ್ದಾರೆ ಅಂತಲೇ ನಾನು ಇದನ್ನು ಓದುತ್ತೇನೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಮುಂದಿನ ಸಾಲಿನಲ್ಲಿದ್ದ ನಮ್ಮ ಹುಡುಗಿಯರು ಐದು ವರ್ಷದ ನಂತರ ಜಾಹೀರಾತು ನೋಡಿ ಹಿಂದೆ ಸರಿಯುವುದನ್ನು ನೋಡಿದರೆ ಸಂಕಟ ಆಗುತ್ತದೆ. ಸೂಚನೆ ಪಾಲಿಸಿದ್ದಕ್ಕೇ ಅವರು ಅಷ್ಟು ದೂರ ಬಂದರು. ಈಗ ಅದೇ ಗುಣ ಅವರನ್ನು ತಡೆಯುತ್ತಿದೆ.

ಕಂಪ್ಯೂಟರೇ ತಳ್ಳಿಬಿಟ್ಟರೆ?

ಇದು ನ್ಯಾಯವಾದ ಪ್ರಶ್ನೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸೇರಿ 2021ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ ಕಂಪನಿಗಳ ಹಿರಿಯರನ್ನು ಕೇಳಿದ್ದವು. ಜೆಡಿಯಲ್ಲಿ ಬರೆದದ್ದಕ್ಕೆ ಅಚ್ಚುಕಟ್ಟಾಗಿ ಹೊಂದುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಯೋಗ್ಯರಾದ ಪರಿಣತರು ಹೊರಗೆ ಹೋಗುತ್ತಿದ್ದಾರೆ ಅಂತ ಶೇ 88 ಮಂದಿ ಒಪ್ಪಿಕೊಂಡರು. ಆರು ತಿಂಗಳಿಗಿಂತ ಜಾಸ್ತಿ ಕೆಲಸದಲ್ಲಿ ಅಂತರ ಇದ್ದರೆ ಅರ್ಧದಷ್ಟು ಕಂಪನಿಗಳು ಅರ್ಜಿಯನ್ನೇ ಪಕ್ಕಕ್ಕಿಡುತ್ತಿದ್ದವು. ಮದುವೆ, ಹೆರಿಗೆ, ಮನೆಯಲ್ಲಿ ಹಿರಿಯರ ಕಾಯಿಲೆ ಅಂತ ಒಂದೆರಡು ವರ್ಷ ಬಿಟ್ಟು ಮತ್ತೆ ಕೆಲಸಕ್ಕೆ ಬರುವ ಹೆಂಗಸರಿಗೆ ಇದು ಎಂಥ ಹೊಡೆತ ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಇದು ನಡೆಯುವ ಬಗೆ ಹೀಗೆ. ಅರ್ಜಿ ತುಂಬುವಾಗ ಹೌದು-ಇಲ್ಲ ಪ್ರಶ್ನೆಗಳು ಬರುತ್ತವಲ್ಲ, ಮಂಗಳೂರಿನಲ್ಲೇ ಕೆಲಸ ಮಾಡುತ್ತೀರಾ, ನೋಟಿಸ್ ಪೀರಿಯಡ್ ಎಷ್ಟು, ಅಂತೆಲ್ಲ. ತಾನೇ ತಾನಾಗಿ ತಳ್ಳುವುದು ಹೆಚ್ಚಾಗಿ ಅವುಗಳಿಂದ. ಇನ್ನೊಂದು ಕಡೆ, ಎಚ್‌ಆರ್‌ನವರು ನೌಕ್ರಿಯಲ್ಲಿ ತಾವೇ ಹುಡುಕುತ್ತಾರೆ. ಅನುಭವ ಇಷ್ಟು, ಊರು ಇದು, ಈ ಮೂರು ಪದ ರೆಸ್ಯೂಮೆಯಲ್ಲಿ ಇರಬೇಕು ಅಂತ ಹಾಕಿ ಹುಡುಕುತ್ತಾರೆ. ಮೂರರಿಂದ ಐದು ಅಂತ ಹಾಕಿದಾಗ ಒಂದೂವರೆ ವರ್ಷದವರು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಅರ್ಹತೆ ಸ್ವಲ್ಪ ಕಮ್ಮಿ ಇರುವವರು ಬರೀ ಪೋರ್ಟಲ್ ನಂಬಿ ಕೂರಬಾರದು. ಮನುಷ್ಯರ ಕಣ್ಣಿಗೆ ಬೀಳುವ ದಾರಿ ಹುಡುಕಬೇಕು.

ಇಲ್ಲಿ ನಮ್ಮ ಊರು ಸಣ್ಣದಾಗಿರುವುದು ಒಳ್ಳೆಯದೇ. ಬೆಂಗಳೂರಿನಲ್ಲಿ ಆ ಕಂಪನಿಯಲ್ಲಿ ಯಾರಿದ್ದಾರೆ ಅಂತ ಹುಡುಕುವುದೇ ಒಂದು ಕೆಲಸ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಕಾಲೇಜಿನ ಸೀನಿಯರ್ ಒಬ್ಬರು, ಇಲ್ಲವೇ ಅವರ ಗುರ್ತದವರೊಬ್ಬರು ಇದ್ದೇ ಇರುತ್ತಾರೆ. 1973ರಲ್ಲೇ ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ ಹೇಳಿದ್ದರು, ಕೆಲಸ ಸಿಗುವುದಕ್ಕೆ ಹತ್ತಿರದ ಗೆಳೆಯರಿಗಿಂತ ದೂರದ ಪರಿಚಯದವರೇ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ ಅಂತ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರಿಗೆ ಬೇರೆ ಸುದ್ದಿ ಗೊತ್ತಿರುತ್ತದೆ. ವಶೀಲಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಆ ತಂಡದಲ್ಲಿ ದಿನವೂ ಏನು ಕೆಲಸ, ಈ ಹತ್ತು ಸಾಲಿನಲ್ಲಿ ನಿಜಕ್ಕೂ ಬೇಕಾದದ್ದು ಯಾವುದು ಅಂತ ಕೇಳಿ. ಆ ಒಂದು ಫೋನ್ ಕರೆಯಲ್ಲಿ ಎಷ್ಟೋ ತಿಳಿಯುತ್ತದೆ. ನನಗೆ ಹಾಗೆ ಕರೆ ಮಾಡಿದವರ ಮೇಲೆ ಯಾವತ್ತೂ ಬೇಸರ ಆದದ್ದಿಲ್ಲ.

ಪದವಿಯ ಬಗ್ಗೆಯೂ ಒಂದು ಮಾತು. ಬಿಇ ಇಲ್ಲದಿದ್ದರೂ ಪರವಾಗಿಲ್ಲ, ಕೌಶಲ ಸಾಕು ಅಂತ ದೊಡ್ಡ ಕಂಪನಿಗಳು ಹೇಳುವುದು ಈಗ ರೂಢಿ. ಬಿಸಿಎ, ಡಿಪ್ಲೊಮಾ ಮಾಡಿದವರು ಇದನ್ನು ಪೂರ್ತಿ ನಂಬಿ ಕೂರುವುದು ಬೇಡ. 2024ರಲ್ಲಿ ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ ಮತ್ತು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಲೆಕ್ಕ ಹಾಕಿದಾಗ, ಅಮೆರಿಕದಲ್ಲಿ ಜಾಹೀರಾತಿನಿಂದ ಪದವಿ ತೆಗೆದದ್ದರಿಂದ ನಿಜವಾಗಿ ಬದಲಾದದ್ದು 700 ನೇಮಕಾತಿಗಳಲ್ಲಿ ಒಂದಕ್ಕಿಂತ ಕಮ್ಮಿ ಅಂತ ತಿಳಿಯಿತು. ಹಾಗಂತ ಬಾಗಿಲು ಮುಚ್ಚಿದೆ ಅಂತಲೂ ಅಲ್ಲ. ನಮ್ಮ ಕಡೆ ಕದ್ರಿಯ ಪಾಲಿಟೆಕ್ನಿಕ್ ಕೆಪಿಟಿಯಲ್ಲಿ ಡಿಪ್ಲೊಮಾ ಮಾಡಿ ಇಂಜಿನಿಯರ್‌ಗಳ ಸಮಕ್ಕೆ ಕೆಲಸ ಮಾಡುವವರನ್ನು ಎಲ್ಲರೂ ನೋಡಿದ್ದಾರೆ. ಆದರೆ ಪದವಿ ಇಲ್ಲದವರು ಮಾಡಿದ ಕೆಲಸವನ್ನು ಕಣ್ಣೆದುರು ಇಡಬೇಕಾಗುತ್ತದೆ. ಅವರ ದಾರಿ ಉದ್ದ.

ಆ ಹತ್ತು ಸಾಲನ್ನು ಮತ್ತೆ ಓದಿದಾಗ

ಅಕ್ಕನ ಮಗಳ ಜಾಹೀರಾತನ್ನು ನಾವಿಬ್ಬರೂ ಕೂತು ಇನ್ನೊಮ್ಮೆ ಓದಿದೆವು. ಜಾವಾಸ್ಕ್ರಿಪ್ಟ್, ರಿಯಾಕ್ಟ್, ನೋಡ್, ಎಸ್‌ಕ್ಯುಎಲ್ ಡೇಟಾಬೇಸ್, ಎಪಿಐ ಬರೆಯುವುದು, ಗಿಟ್. ಇವು ಅವಳಿಗೆ ಗೊತ್ತಿದ್ದ ಆರು. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್, ಡಾಕರ್, ಕುಬರ್ನೆಟಿಸ್, ಮೂರು ವರ್ಷದ ಅನುಭವ. ಇವು ಇಲ್ಲದ ನಾಲ್ಕು.

ಎಡಬ್ಲ್ಯುಎಸ್ ಗೊತ್ತೇ ಇಲ್ವಾ ಅಂತ ಕೇಳಿದೆ. ಅವಳ ಕಂಪನಿಯಲ್ಲಿ ಮೈಕ್ರೋಸಾಫ್ಟ್‌ನ ಇಂಥದ್ದೇ ಕ್ಲೌಡ್, ಅಜ್ಯೂರ್ ಇತ್ತಂತೆ. ಒಂದು ಅಪ್ಲಿಕೇಶನ್ ಅನ್ನು ಅವಳೇ ಅದಕ್ಕೆ ಹಾಕಿದ್ದಾಳೆ, ಆರು ತಿಂಗಳು ನೋಡಿಕೊಂಡಿದ್ದಾಳೆ. ಅದನ್ನು ಸೊನ್ನೆ ಅಂತ ಲೆಕ್ಕ ಹಾಕಿದ್ದಳು! ಡಾಕರ್ ಕೇಳಿದೆ. ತನ್ನ ಲ್ಯಾಪ್‌ಟಾಪಿನಲ್ಲಿ ದಿನವೂ ಓಡಿಸುತ್ತಿದ್ದಳು. "ಅದು ಡೆವಲಪ್‌ಮೆಂಟ್‌ಗೆ ಮಾತ್ರ ಮಾವ, ಲೆಕ್ಕಕ್ಕೆ ಬರುದಿಲ್ಲ" ಅಂದಳು. ಯಾಕೆ ಬರುವುದಿಲ್ಲ? ಅಲ್ಲಿಗೆ ಆರು ಇದ್ದದ್ದು ಎಂಟಕ್ಕೆ ಹತ್ತಿರವಾಯಿತು. ತಮ್ಮಲ್ಲಿ ಇರುವುದನ್ನು ಕಮ್ಮಿ ಎಣಿಸುವುದು ಇಲ್ಲಿನ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು.

ಆಮೇಲೆ ಕುಬರ್ನೆಟಿಸ್, ಸರ್ವರ್‌ಗಳಲ್ಲಿ ಅಪ್ಲಿಕೇಶನ್‌ಗಳನ್ನು ಓಡಿಸಿ ನೋಡಿಕೊಳ್ಳುವ ಸಾಧನ. ಜಾಹೀರಾತಿನ ಇನ್ನೊಂದು ಭಾಗ ನೋಡಲು ಹೇಳಿದೆ. ಕೆಲಸದಲ್ಲಿ ಏನೇನು ಮಾಡಬೇಕು ಅಂತ ಬರೆದ ಭಾಗ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ, ನೇರ ಅರ್ಹತೆಗೆ ಹೋಗುತ್ತಾರೆ. ಅಲ್ಲಿ ಗ್ರಾಹಕರ ಪರದೆಗಳನ್ನು ಮಾಡುವುದು, ವರದಿಗಳನ್ನು ತಯಾರಿಸುವುದು, ಹಳೆಯ ಕೋಡ್ ಸರಿಪಡಿಸುವುದು ಅಂತೆಲ್ಲ ಇತ್ತು. ಸರ್ವರ್ ನೋಡಿಕೊಳ್ಳುವ ಮಾತು ಒಂದೂ ಇರಲಿಲ್ಲ. ಅಂದರೆ ಕುಬರ್ನೆಟಿಸ್ ಬೇರೆ ಯಾರೋ ನೋಡುತ್ತಾರೆ. ಇವಳಿಗೆ ಅದರ ಹೆಸರು, ಅದು ಮಾಡುವ ಕೆಲಸ ಗೊತ್ತಿದ್ದರೆ ಸಾಕಾದೀತು. ಮಾಡಬೇಕಾದ ಕೆಲಸದ ಭಾಗದಲ್ಲಿ ಮತ್ತೆ ಮತ್ತೆ ಬರುವುದು ಯಾವುದೋ ಅದೇ ನಿಜವಾದ ಅರ್ಹತೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ಕೈಯಿಂದ ಆಗುವುದಿಲ್ಲ ಅಂತಾದರೆ ಅರ್ಜಿ ಬೇಡ. ಆಗುತ್ತದೆ ಅಂತಾದರೆ ಹಾಕಿ.

ಹಾಕುವಾಗ ಹೇಗೆ ಬರೆಯಬೇಕು ಅನ್ನುವುದಕ್ಕೂ ಹೊತ್ತು ಕೊಟ್ಟೆವು. ರೆಸ್ಯೂಮೆಯ ಮೊದಲ ಅರ್ಧ ಪುಟದಲ್ಲೇ ಅವರು ಕೇಳಿದ ಕೆಲಸಕ್ಕೆ ಹೊಂದುವ ಎರಡು ಕೆಲಸ ಇರಬೇಕು. ಏನು ಸಮಸ್ಯೆ ಇತ್ತು, ನಾನೇನು ಮಾಡಿದೆ, ಏನಾಯಿತು. ನಿಮ್ಮ ಪಾಲು ಎಷ್ಟೋ ಅಷ್ಟೇ. ಕ್ಲೌಡ್ ಅಂತ ಬರೆದು ಬಿಡುವ ಬದಲು ಅಜ್ಯೂರ್ ಅಂತಲೇ ಬರೆದು, ಎಡಬ್ಲ್ಯುಎಸ್ ಈಗ ಕಲಿಯುತ್ತಿದ್ದೇನೆ ಅಂತ ಇನ್ನೊಂದು ಸಾಲು ಸೇರಿಸಿದಳು. ಆ ಸಾಲು ನಿಜವಾಗಲಿ ಅಂತ ಅದೇ ರಾತ್ರಿ ಉಚಿತ ಅಕೌಂಟ್ ತೆರೆದು ಶುರು ಮಾಡಿದಳು. ಇಲ್ಲದ್ದಕ್ಕೆ ಕ್ಷಮೆ ಕೇಳುವ ಸಾಲು ಬರೆದಿದ್ದಳು. ಅದನ್ನು ತೆಗೆಸಿದೆ. ನಿಮ್ಮಲ್ಲಿ ಏನಿಲ್ಲ ಅಂತ ನೀವೇ ಮೊದಲು ಬರೆಯಬೇಕಾಗಿಲ್ಲ. ಕೇಳಿದಾಗ ನೇರವಾಗಿ ಹೇಳಿದರಾಯಿತು.

ಹೇಳುವುದು ಮಾತ್ರ ನಿಜವನ್ನೇ ಹೇಳಬೇಕು. ಇದನ್ನು ನಾನು ಎಲ್ಲ ಕಾಲೇಜಿನಲ್ಲೂ ಒತ್ತಿ ಹೇಳುತ್ತೇನೆ. ಅರ್ಹತೆ ಕಮ್ಮಿ ಇದ್ದೂ ಅರ್ಜಿ ಹಾಕುವುದು ಬೇರೆ. ದುಡ್ಡು ಕೊಟ್ಟು ಸುಳ್ಳು ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಕೊಳ್ಳುವುದು ಬೇರೆ. ಮಾಡಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಆದರೆ 2014ರಿಂದ ಪಿಎಫ್‌ಗೆ ಯುಎಎನ್ ಬಂದಿದೆ, ಕಂಪನಿ ಬದಲಾದರೂ ಬದಲಾಗದ ಒಂದೇ ಖಾತೆ ಸಂಖ್ಯೆ. ನೀವು ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಅಂತ ಸರ್ವಿಸ್ ಹಿಸ್ಟರಿಯಲ್ಲಿ ಇರುತ್ತದೆ. ಹಿನ್ನೆಲೆ ಪರಿಶೀಲನೆಯಲ್ಲಿ ಅದನ್ನೇ ಕೇಳುತ್ತಾರೆ. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ ಸಿಕ್ಕಿಬಿದ್ದು ಹೊರಗೆ ಹೋದವರನ್ನು ನೋಡಿದ್ದೇನೆ. ಬುದ್ಧಿವಂತ ಮಕ್ಕಳು. ಆ ಸುಳ್ಳು ಇಲ್ಲದೆಯೂ ಅವರಿಗೆ ಕೆಲಸ ಸಿಗುತ್ತಿತ್ತು ಅನ್ನುವುದೇ ನನಗೆ ಇವತ್ತಿಗೂ ನೋವು.

ಹಾಗೆಯೇ ಕಂಡ ಕಂಡ ಕಡೆಗೆಲ್ಲ ಒಂದೇ ರೆಸ್ಯೂಮೆ ಕಳಿಸುವುದೂ ಬೇಡ. ಒಂದು ಬಟನ್ ಒತ್ತಿದರೆ ಅರ್ಜಿ ಹೋಗುವ ಕಾಲ ಇದು. ಮಾರುಕಟ್ಟೆಯೂ ಬಿಗಿಯಾಗಿದೆ. 2025ರ ಜುಲೈಯಲ್ಲಿ ಟಿಸಿಎಸ್ ಒಂದೇ ಸುಮಾರು 12 ಸಾವಿರ ಹುದ್ದೆ ಕಡಿಮೆ ಮಾಡುವುದಾಗಿ ಹೇಳಿತು. ಒಂದೊಂದು ಜಾಗಕ್ಕೂ ರಾಶಿ ಅರ್ಜಿ ಬರುತ್ತಿದೆ. ಆ ರಾಶಿಯಲ್ಲಿ, ಜೆಡಿ ಓದಿ ಬರೆದ ಅರ್ಜಿ ಯಾವುದು, ಸುಮ್ನೆ ಒತ್ತಿದ್ದು ಯಾವುದು ಅಂತ ನಮಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ದಿನಕ್ಕೆ ಐವತ್ತು ಒತ್ತುವುದಕ್ಕಿಂತ ವಾರಕ್ಕೆ ಐದು ಬರೆಯಿರಿ.

ಇಲ್ಲಿನ ಕಂಪನಿಗಳವರಿಗೂ, ಅಂದರೆ ನನ್ನಂಥವರಿಗೂ, ಇದರಲ್ಲಿ ಪಾಲಿದೆ. ಅನುಭವ ಇದ್ದವರು ಬೆಂಗಳೂರಿಗೆ ಹೋಗಿಬಿಡುತ್ತಾರೆ, ಜನ ಸಿಗುವುದಿಲ್ಲ ಅಂತ ನಾವು ಹೇಳುತ್ತಲೇ ಇರುತ್ತೇವೆ. ಅದೇ ಉಸಿರಿನಲ್ಲಿ ಬೆಂಗಳೂರಿನ ಕಂಪನಿಯ ಜೆಡಿಯನ್ನು ನಕಲು ಮಾಡಿ ಹಾಕುತ್ತೇವೆ. ಕಳೆದ ವರ್ಷದಿಂದ ನಮ್ಮ ತಂಡದಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ಬೇಕೇ ಬೇಕಾದದ್ದು ನಾಲ್ಕು ಸಾಲು ಮೀರಬಾರದು. ಕೆಲಸಕ್ಕೆ ಬಂದ ಮೇಲೆ ಕಲಿಯಬಹುದಾದದ್ದನ್ನು ಬೇರೆ ಶೀರ್ಷಿಕೆಯಲ್ಲಿ ಹಾಕುತ್ತೇವೆ, ಕಲಿಸುವವರು ಯಾರು ಅಂತಲೂ ಬರೆಯುತ್ತೇವೆ. ವರ್ಷ ಹಾಕಲೇಬೇಕಾದ ಕಡೆ ಕನಿಷ್ಠ ಒಂದು ಅಂತಲೇ ಹಾಕುತ್ತೇವೆ. ಓದಬೇಕಾದ ಅರ್ಜಿಗಳು ಜಾಸ್ತಿಯಾದವು, ನಿಜ. ಆದರೆ ಮೊದಲು ಬಾರದೇ ಇದ್ದವರು ಈಗ ಬರುತ್ತಿದ್ದಾರೆ.

ಅಕ್ಕನ ಮಗಳು ಅರ್ಜಿ ಹಾಕಿದ ಬೇರೆ ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಕೊಟ್ಟಾರದವರು ಮೊನ್ನೆ ಫೋನ್ ಮಾಡಿದ್ದರಂತೆ, ಗುರುವಾರ ಹನ್ನೊಂದು ಗಂಟೆಗೆ ಬರಲು ಹೇಳಿದ್ದಾರೆ. ರಾತ್ರಿ ಕರೆ ಮಾಡಿದ್ದಳು.

"ಕುಬರ್ನೆಟಿಸ್ ಕೇಳಿದ್ರೆ ಎಂತ ಹೇಳುದು ಮಾವ?"

"ಇದುವರೆಗೆ ಕೆಲಸದಲ್ಲಿ ಬಳಸಿಲ್ಲ ಅಂತ ಹೇಳು. ಡಾಕರ್‌ನಲ್ಲಿ ಏನು ಮಾಡಿದ್ದಿ ಅಂತ ಹೇಳು. ಅಲ್ಲಿಂದ ಮುಂದೆ ಅವರೇ ಕೇಳ್ತಾರೆ."

"ಸರಿ. ಅಜ್ಯೂರ್‌ನದ್ದು ಲ್ಯಾಪ್‌ಟಾಪಿನಲ್ಲಿ ತೋರಿಸ್ಲಿಕ್ಕೆ ಆಗ್ತದಾ ಅಂತ ಈಗ ನೋಡ್ತಾ ಇದ್ದೇನೆ" ಅಂದಳು.